ಒಂದು ಗಂಟೆಗೆ ಅಂದರೆ ಒಂದು ಗಂಟೆಗೆ

ಮಂಗಳೂರು, ಉಡುಪಿ, ಮಣಿಪಾಲದ ಹೋಟೆಲ್ ಮಾಲೀಕರಿಗೆ, ಸಭಾಭವನದವರಿಗೆ, ಕೇಟರಿಂಗಿನವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮದುವೆ ಸೀಸನ್ ಬಿಟ್ಟರೆ ವಾರದ ನಡುವಿನ ಮಧ್ಯಾಹ್ನ ನಿಮ್ಮ ಸಣ್ಣ ಹಾಲ್‌ಗಳಲ್ಲಿ ಫ್ಯಾನ್ ಕೂಡ ತಿರುಗುವುದಿಲ್ಲ. ಅದೇ ಹೊತ್ತಿಗೆ ಈ ಎರಡು ಜಿಲ್ಲೆಗಳ ಹಳೆಯ ಡಾಕ್ಟರರು, ಒಂದೇ ಬ್ಯಾಚಿನಲ್ಲಿ ಎಂಬಿಬಿಎಸ್ ಮುಗಿಸಿದವರು, "ಈ ತಿಂಗಳ ಊಟ ಎಲ್ಲಿ?" ಎಂದು ವಾಟ್ಸಾಪಿನಲ್ಲಿ ಮೂರು ದಿನ ಚರ್ಚೆ ಮಾಡಿ, ಕೊನೆಗೆ ಯಾರದೋ ಮನೆಯ ಜಗಲಿಯಲ್ಲಿ ಸೇರುತ್ತಾರೆ. ಇಲ್ಲವೇ ಆ ತಿಂಗಳು ಬಿಟ್ಟೇ ಬಿಡುತ್ತಾರೆ. ಹಾಲ್ ಖಾಲಿ ಉಂಟು, ಜನ ಉಂಟು, ದುಡ್ಡೂ ಉಂಟು. ನಡುವೆ ಅಡ್ಡ ಬರುವುದು ಏನು ಎಂದು ಹೇಳಲಿಕ್ಕೆ, ಅಂಥ ತಿಂಗಳೂಟ ಏರ್ಪಡಿಸುವ ನಾವು ಕೆಲವರು ಬರೆಯುವ ಪತ್ರ ಇದು.

ಈ ಊರಿನಲ್ಲಿ ಇಂಥ ಗುಂಪುಗಳು ಇಷ್ಟೊಂದು ಇರುವುದಕ್ಕೆ ಕಾರಣ ನಿಮಗೆ ಗೊತ್ತಿರುವುದೇ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಅಲ್ಲಿನ ಹಳೆಯ ಬ್ಯಾಚುಗಳವರು ಅನಾಟಮಿ, ಫಿಸಿಯಾಲಜಿಯನ್ನು ಮಣಿಪಾಲದ ಗುಡ್ಡದ ಮೇಲೆ ಕಲಿತು, ಕ್ಲಿನಿಕಲ್ ಪಾಠಕ್ಕೆ ಮಂಗಳೂರಿಗೆ ಇಳಿದು, ವೆನ್ಲಾಕ್ ಮತ್ತು ಲೇಡಿಗೋಶನ್ ವಾರ್ಡುಗಳಲ್ಲಿ ಓಡಾಡಿದವರು. ಒಂದೇ ಬ್ಯಾಚಿಗೆ ಎರಡು ತವರು. ಅವರಲ್ಲಿ ದೊಡ್ಡ ಪಾಲು ಲಂಡನ್, ಹ್ಯೂಸ್ಟನ್, ಮಸ್ಕತ್ ಸೇರಿದರೂ, ಇಲ್ಲೇ ಉಳಿದವರು ಮತ್ತು ನಿವೃತ್ತಿಯಾಗಿ ವಾಪಸು ಬಂದವರು ಸೇರಿದರೆ ಒಂದೊಂದು ಬ್ಯಾಚಿಗೆ ಇಪ್ಪತ್ತು ಜನಕ್ಕೆ ಮೋಸವಿಲ್ಲ. 1999ರಲ್ಲಿ ಶುರುವಾದ ಫಾದರ್ ಮುಲ್ಲರ್, ಯೇನೆಪೋಯ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಕಾಲೇಜುಗಳ ಮೊದಲ ಬ್ಯಾಚಿನವರಿಗೆ ಈಗ ನಲವತ್ತೈದರ ಆಸುಪಾಸು. ಇವತ್ತು ನೀವು ಮಾಡಿಕೊಂಡ ಬದಲಾವಣೆ ಇನ್ನು ಮೂವತ್ತು ವರ್ಷ ದುಡಿಯುತ್ತದೆ.

ನಿಮ್ಮ ಅಡುಗೆಯ ಮೇಲೆ ನಮಗೆ ದೂರಿಲ್ಲ. ಮೆಣಸ್ಕಾಯಿ ಚಪ್ಪೆಯಾಯಿತು, ಗಸಿ ನೀರಾಯಿತು ಎಂದು ಯಾವ ಬ್ಯಾಚಿನ ಊಟವೂ ನಿಂತದ್ದಿಲ್ಲ. ನಿಲ್ಲುವುದು ತಡದಿಂದ, ಸದ್ದಿನಿಂದ, ಮೆಟ್ಟಿಲಿನಿಂದ. ಈ ಮೂರೂ ನಿಮ್ಮ ಕೈಯಲ್ಲೇ ಇವೆ, ಮೂರಕ್ಕೂ ದೊಡ್ಡ ಖರ್ಚಿಲ್ಲ.

ತಡದ ವಿಷಯ ಮೊದಲು. ಎಪ್ಪತ್ತು ದಾಟಿದ ಇಪ್ಪತ್ತು ಜನ ಒಂದು ಕೋಣೆಯಲ್ಲಿ ಕೂತರೆ ಅವರಲ್ಲಿ ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ. ಡಾಕ್ಟರರು ಎಂದು ಕಾಯಿಲೆ ಹೊಸ್ತಿಲ ಹೊರಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಎಂಟಕ್ಕೆ 30:70 ಮಿಶ್ರಣದ ಇನ್ಸುಲಿನ್ ಚುಚ್ಚಿಕೊಂಡವರಿಗೆ ಅದರ ನಿಧಾನದ ಭಾಗ ಜೋರಾಗಿ ಕೆಲಸ ಮಾಡುವುದು ಸರಿಯಾಗಿ ಮಧ್ಯಾಹ್ನದ ಹೊತ್ತಿಗೆ. ತಿಂಡಿಯ ಜೊತೆ ಗ್ಲಿಮೆಪಿರೈಡ್ ಮಾತ್ರೆ ನುಂಗಿದವರದ್ದೂ ಹೆಚ್ಚುಕಮ್ಮಿ ಅದೇ ಕತೆ. ದಿನಾ ಒಂದಕ್ಕೆ ಉಣ್ಣುವ ದೇಹಕ್ಕೆ ಎರಡೂಕಾಲಕ್ಕೆ ಎಲೆ ಹಾಕಿದರೆ ರಕ್ತದ ಸಕ್ಕರೆ ಅಪಾಯದ ಗೆರೆಯಾದ 70ರ ಕೆಳಗೆ ಜಾರಬಹುದು.

ಅದು ಹೇಗೆ ಕಾಣುತ್ತದೆ ಎಂದು ನಿಮ್ಮ ಬಡಿಸುವ ಹುಡುಗರಿಗೆ ಗೊತ್ತಿರಲಿ. ಅಷ್ಟು ಹೊತ್ತು ಜೋಕ್ ಹೊಡೆಯುತ್ತಿದ್ದವರು ತಟ್ಟನೆ ಮೌನವಾಗುತ್ತಾರೆ. ಏಸಿ ಓಡುತ್ತಿದ್ದರೂ ಹಣೆಯಲ್ಲಿ, ಮೇಲ್ತುಟಿಯಲ್ಲಿ ಬೆವರ ಹನಿ. ನೀರಿನ ಲೋಟ ಹಿಡಿದ ಕೈ ಸಣ್ಣಗೆ ನಡುಗುತ್ತದೆ. ಏನು ಕೇಳಿದರೂ ಸಿಡುಕು, ಇಲ್ಲವೇ ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ಪಕ್ಕದವರು "ಇವನು ಕಾಲೇಜಿನಲ್ಲೂ ಹೀಗೇ" ಎಂದು ನಗುತ್ತಾರೆ. ಆ ನಗುವಿನಲ್ಲೇ ಐದು ನಿಮಿಷ ಕಳೆದುಹೋಗುತ್ತದೆ. ಮಾಡಬೇಕಾದ್ದು ಸುಲಭ: ಎಚ್ಚರವಿದ್ದು ನುಂಗಬಲ್ಲವರಾದರೆ 15 ಗ್ರಾಂ ಗ್ಲೂಕೋಸ್ ಪುಡಿ ಅರ್ಧ ಲೋಟ ನೀರಿನಲ್ಲಿ ಕದಡಿ ಕೊಡುವುದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಬೇಕಾದರೆ ಇನ್ನೊಮ್ಮೆ ಕೊಡುವುದು, ಆಮೇಲೆ ಊಟ. ಮೂರು ಚಮಚ ಸಕ್ಕರೆ ಸಾಲದೇ ಎಂದರೆ, ಹೆಚ್ಚಿನವರಿಗೆ ಸಾಕು. ಆದರೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಕೈಕೊಡುತ್ತದೆ. ಆ ಮಾತ್ರೆಯ ಕೆಲಸವೇ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ತಡೆಯುವುದು. ಹಾಗಾಗಿ ಗ್ಲೂಕೋಸೇ ಬೇಕು. ಐಸ್‌ಕ್ರೀಮ್, ಚಾಕೊಲೇಟ್ ಕೂಡದು, ಅದರ ಕೊಬ್ಬು ಸಕ್ಕರೆಯನ್ನು ಹೊಟ್ಟೆಯಲ್ಲೇ ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಕ್ಯಾಷ್ ಕೌಂಟರಿನ ಡ್ರಾಯರಿನಲ್ಲಿ ಒಂದು ಗ್ಲೂಕೋಸ್ ಪ್ಯಾಕೆಟ್ ಇರಲಿ, ಮಳೆಗಾಲದಲ್ಲಿ ಗಟ್ಟಿಯಾಗದ ಹಾಗೆ ಡಬ್ಬಿಯಲ್ಲಿ.

"ಇಪ್ಪತ್ತು ಡಾಕ್ಟರರು ಕೂತಿರುವಾಗ ನಮ್ಮ ಹುಡುಗರು ಯಾಕೆ?" ಎನ್ನಬಹುದು. ಇಪ್ಪತ್ತು ಡಾಕ್ಟರರಲ್ಲಿ ಒಬ್ಬರ ಜೇಬಿನಲ್ಲೂ ಗ್ಲುಕೋಮೀಟರ್ ಇರುವುದಿಲ್ಲ. ಇಪ್ಪತ್ತು ಸಲಹೆಗಳು ಮಾತ್ರ ಇರುತ್ತವೆ.

ಅಡುಗೆ ತಯಾರಿದ್ದೂ ತಡ ಆಗುವುದು ಏಕೆ? ಒಂದು, "ಎಲ್ಲರೂ ಬರಲಿ" ಎಂದು ಕಾಯುವುದು. ಇನ್ನೂ ಪ್ರಾಕ್ಟೀಸ್ ಮಾಡುವವರ ಒಪಿಡಿ ಮುಗಿಯುವುದೇ ಒಂದೂವರೆಗೆ. ಅವರಿಗಾಗಿ ಕಾದರೆ ಬೇಗ ಬಂದ ನಿವೃತ್ತರು ಬೀಳುತ್ತಾರೆ. ಒಂದು ಗಂಟೆಗೆ ಬಂದಷ್ಟು ಜನಕ್ಕೆ ಬಡಿಸಿ. ತಡವಾದವರು ನಡುವೆ ಸೇರಿಕೊಳ್ಳಲಿ, ಲೆಕ್ಚರಿಗೂ ಹಾಗೇ ನುಗ್ಗುತ್ತಿದ್ದವರು ಅವರು. 12.45ಕ್ಕೆ ಒಂದು ನೀರುದೋಸೆಯೋ ಎರಡು ಪೋಡಿಯೋ (ಬಜ್ಜಿ) ಮೇಜಿಗೆ ಬಂದಿರಲಿ.

ಎರಡು, ಮೆನು ಕಾರ್ಡು. ಇಪ್ಪತ್ತನಾಲ್ಕು ಜನ ಇಪ್ಪತ್ತನಾಲ್ಕು ಬಗೆ ಆರ್ಡರ್ ಕೊಟ್ಟರೆ ಯಾವ ಅಡುಗೆಮನೆಗೂ ಮುಕ್ಕಾಲು ಗಂಟೆ ಬೇಕು. ಹಿಂದಿನ ದಿನ ಸಂಜೆ ಐದಕ್ಕೆ ನಾವು ಒಂದೇ ಮೆನು ಹೇಳಿರುತ್ತೇವೆ. ಮೆನು ಕಾರ್ಡನ್ನು ಮೇಜಿಗೆ ತರಲೇಬೇಡಿ.

ಮೂರು, ಕಾವಲಿಯ ಲೆಕ್ಕ. ಅಂಜಲ್ ಮೀನಿನ ತವಾ ಫ್ರೈ ಎಂದು ಎಲ್ಲರೂ ಆಸೆಪಡುತ್ತಾರೆ. ಒಂದು ಕಾವಲಿಯಲ್ಲಿ ಎಂಟು ತುಂಡು, ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ. ಇಪ್ಪತ್ತನಾಲ್ಕು ತುಂಡಿಗೆ ಮೂರು ಸರದಿ, ಅಂದರೆ ಅರ್ಧ ಗಂಟೆ. ಜನ ಕೂತ ಮೇಲೆ ಕಾವಲಿ ಇಟ್ಟರೆ ಮೊದಲ ಮೇಜು ಕೈ ತೊಳೆಯುವಾಗ ಮೂರನೆಯ ಮೇಜಿಗೆ ಮೀನು ಬರುತ್ತದೆ. ಹನ್ನೆರಡೂವರೆಗೇ ಶುರುಮಾಡಿ, ಇಲ್ಲವೇ ಕಾವಲಿ ಬೇಡದ ಪುಳಿಮುಂಚಿಯನ್ನೋ ಗಸಿಯನ್ನೋ ಒಪ್ಪಿಸಿ. ನೀರುದೋಸೆ ಇನ್ನೂ ಕಷ್ಟ: ತಲೆಗೆ ಮೂರರಂತೆ ಎಪ್ಪತ್ತೆರಡು ದೋಸೆ, ಎರಡು ನಿಮಿಷಕ್ಕೊಂದರಂತೆ ಎರಡು ಕಾವಲಿಯಲ್ಲಿ ಎಪ್ಪತ್ತೆರಡು ನಿಮಿಷ. ಬೇಗ ಹೊಯ್ದು ಬಿಸಿಬಿಸಿ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಂಡು ಮುದ್ದೆ. ಆರಲು ಬಿಟ್ಟು ಮಡಚಿಡಬೇಕು, ಜಾಗ ಬೇಕು. ಒಪ್ಪಿಕೊಳ್ಳುವ ಮೊದಲು ಈ ಲೆಕ್ಕ ಹಾಕಿ. ಆಗದಿದ್ದರೆ ಆಗುವುದಿಲ್ಲ ಎನ್ನಿ. ನಮಗೆ ಬೇಸರವಿಲ್ಲ.

ಇನ್ನು ಸದ್ದು. ಈ ಊಟಕ್ಕೆ ಜನ ಬರುವುದು ಉಣ್ಣಲಿಕ್ಕಲ್ಲ, ಮಾತಾಡಲಿಕ್ಕೆ. ಮಾತು ಕೇಳದಿದ್ದರೆ ಎರಡು ಸಲ ಬಂದು ಮೂರನೆಯ ಸಲ "ಮೊಣಕಾಲು ನೋವು" ಎನ್ನುತ್ತಾರೆ. ಮೊಣಕಾಲಿಗೆ ಏನೂ ಆಗಿರುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು, ಅಂದರೆ ವ್ಯಂಜನಗಳು ಇರುವ ಭಾಗವನ್ನು. ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತದೆ, 'ಕತ್ತೆ' ಎಂದರೋ 'ಪತ್ತೆ' ಎಂದರೋ ತಿಳಿಯುವುದಿಲ್ಲ. ಅದರ ಮೇಲೆ ಹಿನ್ನೆಲೆ ಸಂಗೀತ, ಜ್ಯೂಸ್ ಕೌಂಟರಿನ ಮಿಕ್ಸಿ, ಗೋಡೆಯ ಟಿವಿಯ ಕ್ರಿಕೆಟ್ ಕಾಮೆಂಟರಿ. ಕಿವಿಯ ಮಷಿನ್ ಹಾಕಿಕೊಂಡವರಿಗಂತೂ ಸ್ಟೀಲ್ ತಟ್ಟೆ ರಾಶಿಹಾಕುವ ಸದ್ದು ಸಿಡಿಲು ಹೊಡೆದ ಹಾಗೆ.

ನೀವು ಮಾಡಬೇಕಾದ್ದು ಇಷ್ಟು. ಉದ್ದ ಮೇಜು ಜೋಡಿಸಬೇಡಿ. ಇಪ್ಪತ್ತನಾಲ್ಕು ಜನಕ್ಕೆ ಉದ್ದ ಮೇಜು ಎಂದರೆ ಮಗ್ಗುಲಿಗೆ ಹನ್ನೆರಡು, ತಲೆಗೆ ಎರಡಡಿ ಹಿಡಿದರೆ ಇಪ್ಪತ್ತನಾಲ್ಕು ಅಡಿ. ಮಾತಾಡುವವರಿಂದ ದೂರ ಎರಡರಷ್ಟಾದ ಹಾಗೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಆ ತುದಿಯ ಸುದ್ದಿ ಈ ತುದಿಗೆ ಮರುದಿನ ವಾಟ್ಸಾಪಿನಲ್ಲೇ ತಲುಪುವುದು. ಐದಡಿ ಅಗಲದ ದುಂಡು ಮೇಜು ಮೂರು, ಒಂದೊಂದಕ್ಕೆ ಎಂಟು ಕುರ್ಚಿ. ಆರಡಿಯ ಮೇಜಿಗೆ ಹತ್ತು ಜನ ಹಿಡಿಯುತ್ತಾರೆ, ಆದರೆ ಎದುರಿನವರ ಮಾತು ಕೇಳುವುದಿಲ್ಲ. ಬಟ್ಟೆ ಹಾಸಿದ ಮೇಜು ತಟ್ಟೆಲೋಟದ ಸದ್ದು ನುಂಗುತ್ತದೆ, ಸನ್ಮೈಕಾ ಎಬ್ಬಿಸುತ್ತದೆ. ಸುತ್ತ ಗಾಜು, ಕೆಳಗೆ ಗ್ರಾನೈಟ್, ಮೇಲೆ ಕಾಂಕ್ರೀಟ್ ಇರುವ ನಿಮ್ಮ ಹೊಸ 'ಬ್ಯಾಂಕ್ವೆಟ್'ಗಿಂತ, ಬದಿ ತೆರೆದ ಹಳೆಯ ಹಂಚಿನ ಮಾಡಿನ ಜಾಗದಲ್ಲಿ ಮಾತು ಚೆನ್ನಾಗಿ ಕೇಳುತ್ತದೆ, ಸದ್ದು ಹೊರಗೆ ಹೋಗುತ್ತದಲ್ಲ. ಜೋರು ಮಳೆ ಬಂದರೆ ಅದೂ ಕೆಟ್ಟಿತು, ಇರಲಿ. ಕಿವಿ ಮಂದವಾದವರು ತುಟಿ ನೋಡಿ ಅರ್ಧ ಮಾತು ಹಿಡಿಯುತ್ತಾರೆ. ಬೆಳಕು ಮುಖದ ಮೇಲೆ ಬೀಳಬೇಕು. ದೊಡ್ಡ ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಬರೀ ನೆರಳು. ಕ್ಯಾಂಡಲ್ ಲೈಟು ನಿಮ್ಮ ಸಂಜೆಯ ಗಿರಾಕಿಗಳಿಗೆ ಇರಲಿ.

ಮತ್ತೆ, ದಯವಿಟ್ಟು ಮೈಕ್ ಕೊಡಬೇಡಿ. ಕೇಳಿದರೂ "ಕೆಟ್ಟಿದೆ" ಎನ್ನಿ. ಮೈಕ್ ಸಿಕ್ಕಿದರೆ ಕೆಳಗಿಡದವರು ಎಲ್ಲ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ.

ಮೆಟ್ಟಿಲಿನ ವಿಷಯಕ್ಕೆ ಬರುವಾ. "ಲಿಫ್ಟ್ ಉಂಟು ಸಾರ್" ಎಂದು ಫೋನಿನಲ್ಲಿ ಎಲ್ಲರೂ ಹೇಳುತ್ತಾರೆ. ಲಿಫ್ಟಿನ ಬುಡಕ್ಕೆ ಹೋಗಲಿಕ್ಕೇ ಐದು ಮೆಟ್ಟಿಲು ಇರುವ ಕಟ್ಟಡ ಈ ಊರಿನಲ್ಲಿ ಎಷ್ಟು ಬೇಕು? ಇಳಿಜಾರು ಮಾಡಿದ್ದೇವೆ ಎಂದು ತೋರಿಸುವುದು ಹಲವು ಕಡೆ ಸ್ಕೂಟರ್ ಹತ್ತಿಸುವ ಸಿಮೆಂಟಿನ ಒತ್ತು. ಸರಿಯಾದ ಇಳಿಜಾರು ಒಂದಕ್ಕೆ ಹನ್ನೆರಡು: ಆರಿಂಚು ಎತ್ತರಕ್ಕೆ ಆರಡಿ ಉದ್ದ, ಕೈಹಿಡಿಯಲು ಸರಳು. ಮೆಸ್ಕಾಂನವರು ರಿಪೇರಿಗೆ ಕರೆಂಟ್ ತೆಗೆಯುವ ದಿನ ಪೇಪರಿನಲ್ಲಿ ಬಂದಿರುತ್ತದೆ, ನೋಡಿಕೊಳ್ಳಿ. ಹಲವು ಹಾಲ್‌ಗಳಲ್ಲಿ ಜನರೇಟರ್ ಲೈಟಿಗೂ ಏಸಿಗೂ ಉಂಟು, ಲಿಫ್ಟಿಗೆ ಇಲ್ಲ. ಪೋರ್ಟಿಕೋದಲ್ಲಿ ಮಾಡಿನ ಕೆಳಗೇ ಕಾರಿನಿಂದ ಇಳಿಯುವಂತಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಿಶ್ ಮಾಡಿದ ಗ್ರಾನೈಟಿನ ಮೇಲೆ ಕೊಡೆಯ ನೀರು ಬಿದ್ದರೆ ಅದು ಎಣ್ಣೆ ಹಚ್ಚಿದ ಕಾವಲಿ. ಅಲ್ಲಿ ಹಾಸುವ ತೆಂಗಿನ ನಾರಿನ ಮ್ಯಾಟು ಅಂಚು ಮಡಚಿಕೊಂಡಿದ್ದರೆ ಇನ್ನೂ ಅಪಾಯ.

ಕುರ್ಚಿಗೆ ಕೈ ಬೇಕು, ಕೂರುವ ಎತ್ತರ ಹದಿನೆಂಟು ಇಂಚು. ತಗ್ಗಿನ ಸೋಫಾದಲ್ಲಿ ಕೂರಿಸಿದರೆ ಮರ್ಯಾದೆ ಎಂದು ನೀವು ತಿಳಿಯುತ್ತೀರಿ. ಮೊಣಕಾಲಿನ ಆಪರೇಷನ್ ಆದವರು ಸೋಫಾದಿಂದ ಏಳುವುದನ್ನು ಒಮ್ಮೆ ನೋಡಿ: ಮೊದಲು ಅಂಚಿಗೆ ಜಾರುತ್ತಾರೆ, ಎರಡು ಕೈಯಲ್ಲಿ ಮೆತ್ತೆಯನ್ನು ಒತ್ತುತ್ತಾರೆ, ಮೆತ್ತೆ ಒಳಗೆ ಹೋಗುತ್ತದೆ, ಮೈ ಮೇಲೆ ಬರುವುದಿಲ್ಲ, ಮುಂದೆ ಬಾಗಿ ಟೀಪಾಯಿ ಹಿಡಿಯುತ್ತಾರೆ, ಟೀಪಾಯಿ ಜಾರುತ್ತದೆ. ನಿಮ್ಮ ಗೋದಾಮಿನಲ್ಲಿ ಪೇರಿಸಿಟ್ಟ ಕೈಯಿರುವ ಪ್ಲಾಸ್ಟಿಕ್ ಕುರ್ಚಿಯೇ ಇದಕ್ಕಿಂತ ವಾಸಿ.

ಶೌಚಾಲಯ ಅದೇ ಮಹಡಿಯಲ್ಲಿ ಇರಬೇಕು. ಇದು ಸೌಕರ್ಯದ ಮಾತಲ್ಲ. ಹೃದಯಕ್ಕೆ, ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚು ಹೋಗಿಸುವುದು) ತೆಗೆದುಕೊಳ್ಳುವವರು ಶೌಚಾಲಯ ದೂರ ಎಂದು ಗೊತ್ತಾದರೆ ಆ ದಿನದ ಮಾತ್ರೆ ಬಿಡುತ್ತಾರೆ, ನೀರು ಕುಡಿಯುವುದನ್ನೂ ಬಿಡುತ್ತಾರೆ. ಮಾತ್ರೆ ಬಿಟ್ಟದ್ದರ ಫಲ ರಾತ್ರಿ ಉಸಿರಾಟದಲ್ಲಿ ಕಾಣಬಹುದು. ಬಾಗಿಲಿನ ಬುಡದಲ್ಲಿ ನೀರು ಹೊರಗೆ ಬಾರದಂತೆ ನಾಲ್ಕಿಂಚಿನ ಕಟ್ಟೆ ಕಟ್ಟಿರುತ್ತೀರಲ್ಲ, ಕೋಲು ಹಿಡಿದವರು ಎಡವುವುದು ಅಲ್ಲೇ. ತೆಗೆಸಲಾಗದಿದ್ದರೆ ಅದಕ್ಕೆ ಹಳದಿ ಬಣ್ಣವನ್ನಾದರೂ ಬಳಿಯಿರಿ. ಕಮೋಡಿನ ಪಕ್ಕ ಗೋಡೆಗೆ ಬೋಲ್ಟ್ ಹಾಕಿದ ಹಿಡಿ ಇರಲಿ. ಟವೆಲ್ ಸರಳು ಹಿಡಿಯಲ್ಲ, ಎಪ್ಪತ್ತು ಕೆಜಿ ಭಾರ ಬಿದ್ದರೆ ಸ್ಕ್ರೂ ಸಮೇತ ಕೈಗೆ ಬರುತ್ತದೆ. ಒಳಗೆ ಚಿಲಕ ಹಾಕಿದರೂ ಹೊರಗಿನಿಂದ ತೆಗೆಯಲು ಬರಬೇಕು.

ಊಟದ ನಂತರದ್ದು ಒಂದು ಉಂಟು, ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅನ್ನ, ಪಾಯಸದ ದೊಡ್ಡ ಊಟವಾದ ಮೇಲೆ ರಕ್ತ ಹೊಟ್ಟೆಯ ಕಡೆ ಹರಿಯುತ್ತದೆ. ಪ್ರಾಯದ ದೇಹ ಅದನ್ನು ಸರಿದೂಗಿಸಿಕೊಳ್ಳುತ್ತದೆ, ಎಪ್ಪತ್ತೈದರ ದೇಹಕ್ಕೆ ಹಲವು ಸಲ ಆಗುವುದಿಲ್ಲ. ಮುಂದಿನ ಎರಡು ಗಂಟೆಯೊಳಗೆ ಮೇಲಿನ ಬಿಪಿ 20 ಪಾಯಿಂಟ್ ಅಥವಾ ಹೆಚ್ಚು ಇಳಿಯಬಹುದು. ಬಿಪಿ ಮಾತ್ರೆ, ಪ್ರಾಸ್ಟೇಟಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಸುಲಭವಾಗಿ. ಎದ್ದ ಕೂಡಲೇ ಕಣ್ಣು ಕತ್ತಲೆ. ಎರಡೂವರೆಗೆ ಲೈಟು ಆರಿಸಿ, ಕುರ್ಚಿ ಮಗುಚಿ ಹಾಕಿ, "ಇನ್ನು ಹೊರಡಿ" ಎಂದು ಸೂಚನೆ ಕೊಡುತ್ತೀರಲ್ಲ, ನೀವು ಜನರನ್ನು ಮೆಟ್ಟಿಲಿಗೆ ಅಟ್ಟುವುದು ಸರಿಯಾಗಿ ಬಿಪಿ ಇಳಿದ ಹೊತ್ತಿಗೆ. ಮೂರೂಕಾಲರವರೆಗೆ ಕೂರಲು ಬಿಡಿ. ಆ ಮುಕ್ಕಾಲು ಗಂಟೆಗೆ ಬಾಡಿಗೆ ಬೇಕಾದರೆ ಹಾಕಿ, ಕಾಫಿಯ ಜೊತೆ ಕೊಡುತ್ತೇವೆ.

ಬಫೆ ಬೇಡ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ತಟ್ಟೆ, ಬಡಿಸಿಕೊಳ್ಳಲು ಮೂರನೆಯ ಕೈ ಎಲ್ಲಿಂದ? ಮೇಜಿನ ಮೇಲೆ ಬಾಳೆಲೆ ಹಾಕಿ ಪಂಕ್ತಿಯ ಕ್ರಮದಲ್ಲಿ ಬಡಿಸುವುದು ಉಡುಪಿಯ ಕಡೆಯವರಿಗೆ ನಾವು ಹೇಳಿಕೊಡುವ ವಿಷಯವಲ್ಲ. ಎಲೆಯ ಮೂಲೆಗೆ ಉಪ್ಪು ಹಾಕುವ ಪದ್ಧತಿ ಉಂಟಲ್ಲ, ಅದನ್ನು ಸರಿಯಾಗಿ ಉಪಯೋಗಿಸಿಕೊಳ್ಳಿ: ಸಾರು, ಹುಳಿಗೆ ಉಪ್ಪು ಕಡಿಮೆ ಹಾಕಿ, ಬೇಕಾದವರು ಮೂಲೆಯಿಂದ ಬೆರೆಸಿಕೊಳ್ಳಲಿ. ಅನ್ನ ಬಡಿಸುವಾಗ ಒತ್ತಾಯ ಬೇಡ. ಬೇಯಿಸಿದ ಅನ್ನ 150 ಗ್ರಾಂ ಎಂದರೆ ಸುಮಾರು 40 ಗ್ರಾಂ ಪಿಷ್ಟ, ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಲೆಕ್ಕ ಇಟ್ಟು ಉಣ್ಣುತ್ತಾರೆ. ನಿಮ್ಮ "ಇನ್ನು ಸ್ವಲ್ಪ ಸಾರ್" ಆ ಲೆಕ್ಕ ಕೆಡಿಸುತ್ತದೆ.

ಸ್ವಾಗತಕ್ಕೆ ಎಳನೀರು ಕೊಡುವುದು ಚಂದವೇ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಸೋತವರಿಗೆ ಅದು ಹೃದಯದ ಬಡಿತ ತಪ್ಪಿಸುವಷ್ಟು ಆಗಬಹುದು. ಕೇಳಿ ಕೊಡಿ, ಪಕ್ಕದಲ್ಲಿ ನೀರು ಮಜ್ಜಿಗೆಯೂ ಇರಲಿ. ದಾರೆಹುಳಿಯದ್ದು (ಸ್ಟಾರ್ ಫ್ರೂಟ್) ಅದಕ್ಕಿಂತ ದೊಡ್ಡ ಅಪಾಯ: ಡಯಾಲಿಸಿಸ್‌ನಲ್ಲಿರುವವರಿಗೆ ಅದರ ಜ್ಯೂಸು, ಉಪ್ಪಿನಕಾಯಿ ಬಿಕ್ಕಳಿಕೆಯಿಂದ ಹಿಡಿದು ಫಿಟ್ಸ್‌ವರೆಗೆ ತರುತ್ತದೆ. ಬಿಂಬುಳಿ ರಸವನ್ನು ಕೊಲೆಸ್ಟ್ರಾಲಿಗೆ ಮದ್ದು ಎಂದು ಲೋಟಗಟ್ಟಲೆ ಕುಡಿದು ಆರೋಗ್ಯವಂತ ಮೂತ್ರಪಿಂಡವನ್ನೇ ಕೆಡಿಸಿಕೊಂಡವರಿದ್ದಾರೆ. ಈ ಮೇಜಿಗೆ ಈ ಎರಡೂ ಹುಳಿ ಬೇಡ, ಮಾವಿನ ಮಿಡಿ ಸಾಕು.

ಮೀನಿನ ವಿಷಯ ಒಂದಿಷ್ಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ನಾಡದೋಣಿಯ ಮೀನು ಸಿಕ್ಕಿದರೆ ಸಿಕ್ಕಿತು, ಇಲ್ಲವಾದರೆ ದೂರದಿಂದ ಬಂದ ಮೀನು. ಬಂಗುಡೆಯಂಥ ಮೀನು ಐಸಿಲ್ಲದೆ ಕೆಲವು ಗಂಟೆ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಬೆಳೆಯುತ್ತದೆ. ಆಮೇಲೆ ಎಷ್ಟು ಹುರಿದರೂ ಹೋಗುವುದಿಲ್ಲ. ತಿಂದು ಅರ್ಧ ಗಂಟೆಯೊಳಗೆ ಮುಖ ಕೆಂಪು, ತಲೆನೋವು, ಎದೆ ಡವಡವ. ಅಲರ್ಜಿ ಎಂದು ತಿಳಿದು ಆ ಮನುಷ್ಯ ಜೀವಮಾನವಿಡೀ ಮೀನು ಬಿಡುತ್ತಾನೆ. ಈ ಎರಡು ತಿಂಗಳು ಕೋಳಿ ಸುಕ್ಕವೋ ಪತ್ರೊಡೆಯೋ ಎಂದು ನೀವೇ ಹೇಳಿಬಿಡಿ. ಒಂದೇ ಮೇಜಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ಹಲಾಲ್ ಅಲ್ಲದ್ದು ತಿನ್ನದವರು, ಹಂದಿ ಬಫಾಟ್ ಇಲ್ಲದೆ ಊಟವೇ ಅಲ್ಲ ಎನ್ನುವವರು ಐವತ್ತು ವರ್ಷದಿಂದ ಒಟ್ಟಿಗೆ ಕೂತಿದ್ದಾರೆ. ಸೌಟು ಬೇರೆ ಬೇರೆ ಇದ್ದರೆ ಸಾಕು, ಜಗಳ ನಮ್ಮಲ್ಲಿಲ್ಲ.

ಗಂಟಲಿಗೆ ಸಿಕ್ಕಿಕೊಳ್ಳುವುದಕ್ಕೆ ವೈದ್ಯರ ಭಾಷೆಯಲ್ಲಿ 'ಕೆಫೆ ಕರೋನರಿ' ಎಂಬ ಹೆಸರೇ ಉಂಟು, ಹೋಟೆಲಿನಲ್ಲಿ ಕುಸಿದವರನ್ನು ಹಾರ್ಟ್ ಅಟ್ಯಾಕ್ ಎಂದು ತಪ್ಪು ತಿಳಿಯುವುದರಿಂದ. ಹಲ್ಲು ಸೆಟ್ಟು, ಅವಸರದ ಊಟ (ಡಾಕ್ಟರರಿಗೆ ಹೌಸ್ ಸರ್ಜನ್ ಕಾಲದಿಂದ ಬಂದ ಚಾಳಿ), ಒಣ ಕೋರಿ ರೊಟ್ಟಿ, ಕೋಳಿಯ ದೊಡ್ಡ ತುಂಡು. ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಿ. ಮಾತು ಹೊರಡದೆ ಕುತ್ತಿಗೆ ಹಿಡಿದುಕೊಂಡರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬಿನ ನಡುವೆ ಅಂಗೈ ಬುಡದಿಂದ ಐದು ಗುದ್ದು; ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು. ಬೆರಳು ಹಾಕಿ ಕುರುಡಾಗಿ ತೆಗೆಯಲು ಹೋದರೆ ತುಂಡು ಇನ್ನೂ ಒಳಗೆ ಹೋಗುತ್ತದೆ. ನಿಮ್ಮ ಹುಡುಗರಿಗೆ ಇದನ್ನು ಹೇಳಿಕೊಡಲು ಅರ್ಧ ಗಂಟೆ ಸಾಕು, ಫೀಸಿಲ್ಲದೆ ನಾವೇ ಬರುತ್ತೇವೆ.

ನಮ್ಮ ಕಡೆಯಿಂದ ಏನು ಸಿಗುತ್ತದೆ ಎಂದು ಕೇಳುವ ಹಕ್ಕು ನಿಮಗುಂಟು. ದಿನ ಬದಲಾಗುವುದಿಲ್ಲ: ತಿಂಗಳ ಎರಡನೇ ಬುಧವಾರ. ಸೋಮವಾರ, ಗುರುವಾರ, ಶನಿವಾರ ಕೆಲವರಿಗೆ ಮೀನು ಮಾಂಸ ಇಲ್ಲ, ಶುಕ್ರವಾರ ನಮಾಜು, ಭಾನುವಾರ ಇಗರ್ಜಿ, ಮದುವೆ, ಮೊಮ್ಮಕ್ಕಳು. ಹಾಗೆ ಕಳೆಯುತ್ತಾ ಹೋದರೆ ಉಳಿಯುವುದು ಮಂಗಳವಾರ, ಬುಧವಾರ ಎರಡೇ, ನಾವು ಬುಧವಾರ ಹಿಡಿದೆವು. ಪ್ರತಿ ತಿಂಗಳು ವೋಟು ಹಾಕಿ ದಿನ ನಿಶ್ಚಯಿಸುವ ಬ್ಯಾಚುಗಳ ಊಟ ಆರು ತಿಂಗಳೂ ಬಾಳುವುದಿಲ್ಲ. ರಂಜಾನ್ ಬಂದ ತಿಂಗಳು ಊಟ ಸಂಜೆಗೆ ಹೋಗುತ್ತದೆ, ಮೊದಲೇ ತಿಳಿಸುತ್ತೇವೆ. ಆಟಿ ತಿಂಗಳಲ್ಲಿ ಮದುವೆಗಳಿಲ್ಲದೆ ನಿಮ್ಮ ಹಾಲ್ ಖಾಲಿ ಬಿದ್ದಾಗಲೂ ನಾವು ಬರುತ್ತೇವೆ. ಕೃಷ್ಣಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯದ ಜನವರಿಯಲ್ಲಿ ಉಡುಪಿ ಪೇಟೆಗೆ ಮಾತ್ರ ಬರುವುದಿಲ್ಲ. ಮಂಗಳೂರಿನವರಿಗೂ ಉಡುಪಿಯವರಿಗೂ ನಡುವೆ ಎಂದರೆ ಮೂಲ್ಕಿ. ಹೆಜಮಾಡಿಯ ಟೋಲ್ ಉಡುಪಿಯವರಿಗೆ ಮಾತ್ರ ಬೀಳುತ್ತದೆ ಎಂಬ ತಕರಾರು ಅಲ್ಲಿ ಶಾಶ್ವತ. ಆ ಕಡೆ ಒಂದು ಒಳ್ಳೆ ಜಾಗ ಮಾಡುವವರಿಗೆ ಎರಡೂ ಊರಿನ ಗಿರಾಕಿ ಸಿಗುತ್ತದೆ.

ತಲೆಲೆಕ್ಕ ಸೋಮವಾರ ಸಂಜೆ ಕೊಡುತ್ತೇವೆ. 'ಬರುತ್ತೇನೆ' ಎಂದವರಲ್ಲಿ ಹತ್ತಕ್ಕೊಬ್ಬರು ಬರುವುದಿಲ್ಲ, 'ನೋಡುತ್ತೇನೆ' ಎಂದವರಲ್ಲಿ ಒಬ್ಬಿಬ್ಬರು ಬಂದುಬಿಡುತ್ತಾರೆ. 24 ಎಂದರೆ 22ಕ್ಕೆ ಗ್ಯಾರಂಟಿ, ಕುರ್ಚಿ 26ಕ್ಕೆ. ಡ್ರೈವರುಗಳ ಊಟ ಬೇರೆ ಎಣಿಸಿ ಹೇಳುತ್ತೇವೆ, ಅದೇ ಅಡುಗೆ, ನಮ್ಮ ಜೊತೆಗೇ, ಆಮೇಲೆ ಅಲ್ಲ. ದುಡ್ಡು ತಲೆಗಿಷ್ಟು ಎಂದು ಮೊದಲೇ ಯುಪಿಐನಲ್ಲಿ ಒಟ್ಟಾಗಿರುತ್ತದೆ, ಜಿಎಸ್‌ಟಿ ಸೇರಿಸಿಯೇ ದರ ಹೇಳಿ. "ಇವತ್ತಿನ ಬಿಲ್ಲು ನನ್ನದು" ಎಂದು ಕೌಂಟರಿಗೆ ಬಂದವರಿಂದ ತೆಗೆದುಕೊಳ್ಳಬೇಡಿ. ಒಬ್ಬರು ಮೊಮ್ಮಗ ಹುಟ್ಟಿದ ಖುಷಿಗೆ ಕೊಟ್ಟರೆ ಮುಂದಿನ ತಿಂಗಳು ಇನ್ನೊಬ್ಬರು ಅದಕ್ಕಿಂತ ದೊಡ್ಡದು ಕೊಡಬೇಕಾಗುತ್ತದೆ, ಪೆನ್ಶನ್ನಿನಲ್ಲಿ ಬದುಕುವವರು ಮೆಲ್ಲ ಹಿಂದೆ ಸರಿಯುತ್ತಾರೆ. ಖುಷಿ ಹೆಚ್ಚಾದವರು ಎಲ್ಲರಿಗೆ ಒಂದೊಂದು ಗಡ್‌ಬಡ್ ಐಸ್‌ಕ್ರೀಮ್ ಹೇಳಲಿ, ಅಷ್ಟೇ. ಕುಡಿಯುವವರ ಬಿಲ್ಲು ಬೇರೆ, ಅವರದ್ದೇ.

ಮೊದಲ ಊಟಕ್ಕೆ ನಾವು ಜನರನ್ನು ಕೂರಿಸುವುದು ಡಿಸೆಕ್ಷನ್ ಟೇಬಲ್ ಲೆಕ್ಕದಲ್ಲಿ. ರೋಲ್ ನಂಬರಿನ ಪ್ರಕಾರ ಎಂಟು ಹತ್ತು ಜನ ಒಂದೇ ಶವದ ಸುತ್ತ ತಿಂಗಳುಗಟ್ಟಲೆ ನಿಂತವರು, ಐವತ್ತು ವರ್ಷದ ಮೇಲೂ ಆ ಎಂಟು ಜನಕ್ಕೆ ಮಾತು ತಾನಾಗಿ ಬರುತ್ತದೆ. ಮೂರನೆಯ ತಿಂಗಳಿನಿಂದ ಕಲಸುತ್ತೇವೆ. ಎದೆಗೆ ಹಾಕುವ ಚೀಟಿಯಲ್ಲಿ ಹಾಸ್ಟೆಲಿನ ಅಡ್ಡಹೆಸರು ದೊಡ್ಡ ಅಕ್ಷರದಲ್ಲಿ, ಡಿಗ್ರಿಗಳು ಇಲ್ಲ. ನೆನಪು ಕುಂದಿದವರೂ ಬರುತ್ತಾರೆ, ಜೊತೆಗೆ ಮನೆಯವರು. ಅವರನ್ನು ಗೋಡೆಗೆ ಬೆನ್ನಾಗಿ, ಓಡಾಟ ಕಡಿಮೆ ಇರುವ ಮೇಜಿನಲ್ಲಿ ಕೂರಿಸಿ. ಅವರ ಎದುರು ನಿಂತು "ನಾನು ಯಾರು ಹೇಳು ನೋಡುವಾ" ಎನ್ನಬಾರದು ಎಂದು ನಮ್ಮವರಿಗೆ ನಾವು ಹೇಳಿದ್ದೇವೆ. "ನಾನು ಇಂಥವನು, ನಿನ್ನ ಪಕ್ಕದ ರೂಮಿನವನು" ಎಂದೇ ಮಾತು ಶುರುಮಾಡಬೇಕು. ಅವರು ಒಂದೇ ಪದಾರ್ಥ ಎರಡು ಸಲ ಕೇಳಿದರೆ ನಿಮ್ಮ ಹುಡುಗರು ಎರಡು ಸಲವೂ ಮೊದಲ ಸಲದಂತೆಯೇ ಬಡಿಸಲಿ. ತೀರಿಕೊಂಡ ಸಹಪಾಠಿಗಳ ಹೆಂಡತಿ ಅಥವಾ ಗಂಡ, ಅವರಾಗಿ ಬೇಡ ಎನ್ನುವವರೆಗೆ, ನಮ್ಮ ತಲೆಲೆಕ್ಕದಲ್ಲಿ ಇರುತ್ತಾರೆ.

ಆಸಕ್ತಿ ಇರುವವರು ಯಾವುದಾದರೂ ಬುಧವಾರ ಹನ್ನೆರಡೂವರೆಗೆ, ನಿಮ್ಮ ಅಡುಗೆಮನೆ ಭರದಲ್ಲಿರುವಾಗಲೇ, ನಮ್ಮಲ್ಲಿ ನಾಲ್ವರನ್ನು ಕರೆಯಿರಿ. ಆ ಹೊತ್ತಿನ ಸದ್ದೇ ನಿಜವಾದ ಸದ್ದು. ಒಬ್ಬರ ಕೈಯಲ್ಲಿ ಟೇಪ್ ಇರುತ್ತದೆ, ಒಬ್ಬರ ಕಿವಿಯಲ್ಲಿ ಮಷಿನ್, ಒಬ್ಬರ ಕೈಯಲ್ಲಿ ಕೋಲು. ನಾಲ್ಕನೆಯವರು ಸುಮ್ಮನೆ ಸೋಫಾದಲ್ಲಿ ಕೂತು ಎದ್ದು ನೋಡುತ್ತಾರೆ. ನಾಲ್ಕು ಊಟದ ದುಡ್ಡು ಕೊಟ್ಟೇ ಹೋಗುತ್ತೇವೆ.

ಇತಿ,
ಹಳೆಯ ಸಹಪಾಠಿ ವೈದ್ಯರ ತಿಂಗಳೂಟ ಏರ್ಪಡಿಸುವ ಕೆಲವರು
ಮಂಗಳೂರು – ಉಡುಪಿ